ಕಿರಿಯರಿಗೆ ಜೀವಕೋಶದ ಪಾಠ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಈ ಊರುಗಳ ಮಕ್ಕಳು ಕಲ್ಲನ್ನು ಅರಿತಷ್ಟು ಬೇರಾವ ವಸ್ತುವನ್ನೂ ಅರಿತಿರಲಾರರು. ಅವರು ಕುಳಿತು ಉಣ್ಣುವ ಪಡಸಾಲೆ, ಆಡುವ ಶಾಲೆಯ ಅಂಗಳ, ಏರಿಳಿಯುವ ಮೆಟ್ಟಿಲು ಎಲ್ಲವೂ ಶಹಾಬಾದಿನ ಫರಸಿಯೇ. ಮಳಖೇಡ ರೋಡ್ ರೈಲು ನಿಲ್ದಾಣದ ಆಸುಪಾಸಿನಲ್ಲಿ 1980ರ ದಶಕದಲ್ಲಿ ಬೆಳೆದ ಆದಿತ್ಯನಗರವಂತೂ ಸುಣ್ಣಗಲ್ಲನ್ನು ಸುಟ್ಟು ಸಿಮೆಂಟಾಗಿಸುವ ಉದ್ಯಮದಿಂದಲೇ ಹುಟ್ಟಿದ ವಸತಿ. ಹೀಗಿರುವಲ್ಲಿ ಜೀವಕೋಶದ ಪಾಠವನ್ನು ಆರಂಭಿಸುವ ಅಧ್ಯಾಪಕರು ಕಲ್ಲಿನ ಹೋಲಿಕೆಯನ್ನೇ ಆಶ್ರಯಿಸುವುದು ಸಹಜ. ಕಲ್ಲುಗಳಿಂದ ಕಟ್ಟಡವಾದಂತೆ ಕೋಶಗಳಿಂದ ದೇಹವಾಗಿದೆ ಎಂಬ ಮಾತು ಪಾಠದ ಮೊದಲ ವಾಕ್ಯವಾಗಿ ಎಷ್ಟು ತರಗತಿಗಳಲ್ಲಿ ಮೊಳಗಿದೆಯೋ ಲೆಕ್ಕವಿಲ್ಲ.

ಹೋಲಿಕೆಯು ಸುಲಭವಾದುದು, ನೆನಪಿನಲ್ಲಿ ಉಳಿಯುವಂಥದು. ಆದರೆ ಅದು ಉಳಿಯುವುದೇ ತೊಡಕು. ಕಲ್ಲು ಗಣಿಯಿಂದ ಬರುತ್ತದೆ. ಅದನ್ನು ತಂದಿಡಲು ಹೊರಗಿನವನೊಬ್ಬ ಬೇಕು. ಇಟ್ಟ ಮೇಲೆ ಅದು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಎರಡಾಗಿ ಸೀಳಿ ತನ್ನಂಥ ಇನ್ನೊಂದನ್ನು ಕೊಡುವುದಿಲ್ಲ. ಜೀವಕೋಶವು ಇವೆಲ್ಲವನ್ನೂ ಮಾಡುತ್ತದೆ, ಅಥವಾ ಒಂದು ಕಾಲದಲ್ಲಿ ಮಾಡಿರುತ್ತದೆ. ಕಲ್ಲಿನ ಹೋಲಿಕೆಯನ್ನಷ್ಟೇ ಕಲಿತ ಬಾಲಕನು ಕೋಶಗಳನ್ನು ದೇಹವೆಂಬ ಚೀಲದೊಳಗೆ ತುಂಬಿಸಿಟ್ಟ ಸಣ್ಣ ವಸ್ತುಗಳೆಂದು ಭಾವಿಸುತ್ತಾನೆ. ತಾನು ಬೆಳೆದಂತೆ ಅವು ಹಿಗ್ಗುತ್ತವೆ ಎನ್ನುತ್ತಾನೆ. ಆನೆಯ ಕೋಶ ದೊಡ್ಡದು, ಇರುವೆಯ ಕೋಶ ಚಿಕ್ಕದು ಎಂಬ ತಪ್ಪು ಎಣಿಕೆಯೂ ಇದೇ ಬೇರಿನಿಂದ ಚಿಗುರಿದುದು. ವಾಸ್ತವದಲ್ಲಿ ಆನೆಯ ದೇಹ ದೊಡ್ಡದಾಗಿರುವುದು ಮುಖ್ಯವಾಗಿ ಕೋಶಗಳ ಸಂಖ್ಯೆಯಿಂದ, ಅವುಗಳ ಗಾತ್ರದಿಂದಲ್ಲ.

ಕಾರ್ಖಾನೆಯ ಹೋಲಿಕೆ ಇದಕ್ಕಿಂತ ಒಂದು ಕೈ ಮೇಲು. ದ್ವಾರ, ಉಗ್ರಾಣ, ವಿದ್ಯುದಾಗಾರ, ಕಚೇರಿ ಇವುಗಳ ಕೆಲಸವನ್ನು ಕಾರ್ಖಾನೆಯ ನೌಕರರ ಮಕ್ಕಳು ದಿನವೂ ಕೇಳಿ ಬಲ್ಲರು. ಕೋಶಪೊರೆ, ರಸದಾನಿ, ಮೈಟೋಕಾಂಡ್ರಿಯ, ಕೋಶಕೇಂದ್ರ ಇವುಗಳನ್ನು ಅವರು ಬೇಗನೆ ಹೊಂದಿಸಿಕೊಳ್ಳುತ್ತಾರೆ. ಆದರೂ ಯಾವ ಕಾರ್ಖಾನೆಯೂ ತನ್ನಂಥದೇ ಮರಿ ಕಾರ್ಖಾನೆಯನ್ನು ಈದ ಉದಾಹರಣೆಯಿಲ್ಲ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಮಕ್ಕಳಿಂದಲೇ ಹೇಳಿಸಿದರೆ ಅದು ಮುರಿಯುವ ಕಡೆಯಲ್ಲಿಯೇ ಪಾಠವು ಆರಂಭವಾಗುತ್ತದೆ.

ಇನ್ನು ಶಬ್ದದ ವಿಷಯ. ‘ಕೋಶ’ವೆಂದರೆ ಬೊಕ್ಕಸ, ಒರೆ, ನಿಘಂಟು ಎಂಬ ಅರ್ಥಗಳು ಕನ್ನಡದಲ್ಲಿ ಮೊದಲಿನಿಂದ ಇವೆ, ಶಬ್ದಕೋಶ, ವಿಶ್ವಕೋಶ ಎಂಬ ಮಾತುಗಳನ್ನು ಹುಡುಗರು ಕೇಳಿರುತ್ತಾರೆ. ಇಂಗ್ಲಿಷಿನ ‘ಸೆಲ್’ ಎಂಬುದನ್ನು ಹೇಳಿದರೆ ತೊಡಕು ಇಮ್ಮಡಿಯಾದೀತು; ಈ ಸೀಮೆಯಲ್ಲಿ ಸೆಲ್ಲೆಂದರೆ ಬ್ಯಾಟರಿಯೊಳಗೆ ಹಾಕುವ ವಸ್ತು, ಇಲ್ಲವೆ ಕಿಸೆಯಲ್ಲಿರುವ ದೂರವಾಣಿ. ಇದಕ್ಕೂ ಹಿಂದೆ, ನಿಜಾಮರ ಆಳ್ವಿಕೆಯಲ್ಲಿ, ಈ ಭಾಗದವರು ಉಚ್ಚ ಶಿಕ್ಷಣವನ್ನು ಬಯಸಿದರೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನು ಉರ್ದುವಿನಲ್ಲಿ ಓದಬೇಕಾಗಿತ್ತು. ಸೂಕ್ಷ್ಮದರ್ಶಕವು ಆ ತಲೆಮಾರಿಗೆ ‘ಖುರ್ದಬೀನ್’. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಲಬುರಗಿ ಸೀಮೆ ಮೈಸೂರು ರಾಜ್ಯವನ್ನು ಸೇರಿದ ತರುವಾಯ ಕನ್ನಡದ ಪರಿಭಾಷೆ ಇಲ್ಲಿಯ ಶಾಲೆಗಳಿಗೆ ಬಂದಿತು. ಒಂದೇ ಮನೆಯಲ್ಲಿ ಅಜ್ಜನಿಗೆ ಒಂದು ಪರಿಭಾಷೆ, ತಂದೆಗೆ ಇನ್ನೊಂದು, ಆಂಗ್ಲ ಮಾಧ್ಯಮದ ಮೊಮ್ಮಗನಿಗೆ ಮತ್ತೊಂದು ಎಂಬಂತಾದ ಈ ಪ್ರದೇಶದಲ್ಲಿ ಹೆಸರುಗಳಿಂದ ಪಾಠವನ್ನು ಆರಂಭಿಸುವುದು ಜಾಣತನವಲ್ಲ. ವಸ್ತುವನ್ನು ಮೊದಲು ಕಾಣಿಸಬೇಕು. ಹೆಸರು ಬಳಿಕ ಬರಲಿ.

ಹೆಸರಿನ ಮೂಲಪುರುಷನೂ ಮೊದಲು ನೋಡಿದವನೇ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ತನ್ನ ‘ಮೈಕ್ರೊಗ್ರಾಫಿಯ’ ಗ್ರಂಥದಲ್ಲಿ ಬೆಂಡಿನ ತೆಳುಹೋಳಿನಲ್ಲಿ ಕಂಡ ಪುಟ್ಟ ಪುಟ್ಟ ಕೋಣೆಗಳನ್ನು ‘ಸೆಲ್’ ಎಂದು ಕರೆದನು. ಪಠ್ಯಪುಸ್ತಕಗಳು ಈ ಕಥೆಯನ್ನು ಇಲ್ಲಿಗೆ ಮುಗಿಸುತ್ತವೆ. ಹುಕ್ಕನು ನಾಮಕರಣ ಮಾಡಿ ಸುಮ್ಮನಾದವನಲ್ಲ, ಎಣಿಸಿದನು. ಒಂದು ಅಂಗುಲದ 18ನೆಯ ಒಂದು ಭಾಗದಲ್ಲಿ ಸುಮಾರು 60 ಕೋಣೆಗಳು ಸಾಲಾಗಿ ಕಂಡುದರಿಂದ ಅಂಗುಲವೊಂದಕ್ಕೆ 1,080 ಎಂದೂ, ಚದರ ಅಂಗುಲಕ್ಕೆ 11,66,400 ಎಂದೂ, ಘನ ಅಂಗುಲಕ್ಕೆ 125 ಕೋಟಿ 97 ಲಕ್ಷ 12 ಸಾವಿರ ಎಂದೂ ಲೆಕ್ಕ ಹಾಕಿದನು. ಏಳನೆಯ ತರಗತಿಯ ವಿದ್ಯಾರ್ಥಿಗೆ ಈ ಗುಣಾಕಾರ ಅಸಾಧ್ಯವಾದುದಲ್ಲ. ಮಳಖೇಡವು ಮಾನ್ಯಖೇಟವೆಂಬ ರಾಷ್ಟ್ರಕೂಟ ರಾಜಧಾನಿಯಾಗಿದ್ದ ದಿನಗಳಲ್ಲಿ, ಅಮೋಘವರ್ಷನ ಆಳ್ವಿಕೆಯ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಲೆಕ್ಕದ ನೆನಪುಳ್ಳ ಆ ಮಣ್ಣಿನಲ್ಲಿ ಜೀವಶಾಸ್ತ್ರದ ಪಾಠವೂ ಒಂದಿಷ್ಟು ಲೆಕ್ಕದೊಡನೆ ನಡೆಯುವುದು ಅನುಚಿತವೇನೂ ಅಲ್ಲ.

ಆದರೆ ಸಾಮಾನ್ಯವಾಗಿ ನಡೆಯುವುದೇನು? ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕವಿರುತ್ತದೆ. ಅದು ಬೆಲೆಬಾಳುವಂಥದಾದ ಕಾರಣ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ತನಿಖೆಯ ದಿನ ಹೊರಬಂದು ಮೇಜಿನ ಮೇಲೆ ಕೂತು ಮತ್ತೆ ಒಳಸೇರುತ್ತದೆ. ವಿದ್ಯಾರ್ಥಿಗಳು ಕಪ್ಪುಹಲಗೆಯ ಚಿತ್ರವನ್ನು ನೋಡಿ ಅಚ್ಚುಕಟ್ಟಾಗಿ ಇಳಿಸಿಕೊಳ್ಳುತ್ತಾರೆ, ಭಾಗಗಳನ್ನು ಗುರುತಿಸುತ್ತಾರೆ, ಪೂರ್ಣಾಂಕ ಪಡೆಯುತ್ತಾರೆ. ಚಿತ್ರ ಸುಂದರವಾಗಿದ್ದಷ್ಟೂ, ಅದನ್ನು ಬರೆದ ಕೈಯ ಕಣ್ಣು ಕೋಶವನ್ನು ಒಮ್ಮೆಯೂ ಕಂಡಿಲ್ಲವೆಂಬ ಸಂಗತಿ ಮರೆಯಾಗುತ್ತದೆ. ಬಳಸಿ ಸವೆದ ಉಪಕರಣಕ್ಕಿಂತ ಬೀಗದೊಳಗೆ ಬೂಸಲು ಹಿಡಿದ ಮಸೂರವೇ ಶಾಲೆಗೆ ದೊಡ್ಡ ನಷ್ಟ ಎಂಬುದನ್ನು ದಾಸ್ತಾನು ಪುಸ್ತಕ ಬರೆಯುವವರು ಒಪ್ಪಲಿಕ್ಕಿಲ್ಲ. ಆದರೂ ಅದು ನಿಜ.

ಕಪಾಟು ತೆರೆಯಿತೆನ್ನೋಣ. ಮೊದಲ ದಿನವೇ ಕೋಶವನ್ನು ತೋರಿಸಲು ಹೊರಡುವುದು ಆತುರದ ಕೆಲಸ. ದಿನಪತ್ರಿಕೆಯ ಒಂದು ಸಣ್ಣಕ್ಷರವನ್ನು, ‘ಈ’ ಅಥವಾ ‘ಕ’ ಯಾವುದಾದರೂ ಆಗಲಿ, ಕತ್ತರಿಸಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು ತೋರಿಸಬೇಕು. ಅಕ್ಷರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಪಟ್ಟಿಯನ್ನು ಬಲಕ್ಕೆ ಸರಿಸಿದರೆ ಬಿಂಬ ಎಡಕ್ಕೆ ಓಡುತ್ತದೆ. ಕಾಗದದ ನಾರುಗಳು ಹುಲ್ಲಿನ ಮೆದೆಯಂತೆ ತೋರುತ್ತವೆ. ಉಪಕರಣವು ಸುಳ್ಳಾಡುತ್ತಿಲ್ಲ, ಆದರೆ ಅದಕ್ಕೆ ತನ್ನದೇ ಆದ ರೀತಿಯೊಂದಿದೆ ಎಂಬುದು ಮಕ್ಕಳಿಗೆ ಇಲ್ಲಿ ಮನದಟ್ಟಾಗುತ್ತದೆ.

ಬಳಿಕ ಉಳ್ಳಾಗಡ್ಡಿ. ಪುಸ್ತಕ ಅದನ್ನು ಈರುಳ್ಳಿ ಎನ್ನುತ್ತದೆ. ಮನೆಯಲ್ಲಿ ಅದು ಉಳ್ಳಾಗಡ್ಡಿಯೇ. ಗಡ್ಡೆಯ ದಪ್ಪನಾದ ಒಂದು ಎಸಳನ್ನು ಮುರಿದರೆ ಒಳಮೈಯಿಂದ ಕಾಗದಕ್ಕಿಂತ ತೆಳುವಾದ ಪಾರದರ್ಶಕ ಪೊರೆ ಏಳುತ್ತದೆ. ಅದು ಗಾಳಿಯಲ್ಲಿ ಸುರುಳಿ ಸುತ್ತುವ ಮೊದಲೇ ನೀರಿಗಿಡಬೇಕು. ಪಟ್ಟಿಯ ಮೇಲೆ ಹರಡಿ, ಸಾಫ್ರನಿನ್ ಬಣ್ಣವನ್ನೋ, ಅದಿಲ್ಲವಾದರೆ ಔಷಧದ ಅಂಗಡಿಯ ಟಿಂಕ್ಚರ್ ಅಯೊಡಿನ್ನನ್ನು ನೀರಿನಲ್ಲಿ ತಿಳಿಯಾಗಿಸಿಯೋ ಒಂದು ಹನಿ ಹಾಕಿ, ತೆಳುಗಾಜನ್ನು ಒಂದು ಅಂಚಿನಿಂದ ಓರೆಯಾಗಿ ಮೆಲ್ಲಗೆ ಇಳಿಸಬೇಕು. ಮೆಲ್ಲಗೆ ಎಂಬ ಈ ಮಾತನ್ನು ಮಕ್ಕಳು ಎಂದೂ ಪಾಲಿಸುವುದಿಲ್ಲ. ಆದುದರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಜೀವಮಾನದಲ್ಲಿ ಮೊಟ್ಟಮೊದಲು ಕಾಣುವ ‘ಜೀವಕೋಶ’ ಒಂದು ಗಾಳಿಗುಳ್ಳೆ. ಗುಂಡಾಗಿ, ದಟ್ಟ ಕಪ್ಪು ಅಂಚಿನಿಂದ, ನಡುವೆ ಬೆಳಕಿನ ಚುಕ್ಕೆಯಿಂದ ಶೋಭಿಸುವ ಅದು ನಿಜವಾದ ಕೋಶಕ್ಕಿಂತ ಹೆಚ್ಚು ಆಕರ್ಷಕವಾಗಿರುತ್ತದೆ. ಹುಡುಗರು ಅದನ್ನು ಬರೆದು ಕೋಶಕೇಂದ್ರವನ್ನೂ ಗುರುತಿಸಿಬಿಡುತ್ತಾರೆ. ಇದಕ್ಕೆ ಗದರಿಸುವುದು ಬೇಡ. ತೆಳುಗಾಜನ್ನು ಸೂಜಿಯ ಮೊನೆಯಿಂದ ತುಸು ಒತ್ತಿದರೆ ಗುಳ್ಳೆ ಆಕಾರ ಬದಲಿಸಿ ಜಾರುತ್ತದೆ, ಗೋಡೆಗಳಿಂದ ಬಂಧಿತವಾದ ಕೋಶ ಜಾರುವುದಿಲ್ಲ. ಯಾವುದು ಕೋಶವಲ್ಲ ಎಂಬುದನ್ನು ಕಂಡುಹಿಡಿದ ಮೇಲೆ ಯಾವುದು ಕೋಶ ಎಂಬುದನ್ನು ಹೇಳಿಕೊಡುವ ಶ್ರಮ ಅರ್ಧವಾಗುತ್ತದೆ.

ಫರಸಿಗೂ ಕೋಶಗಳಿವೆಯೆ ಎಂದು ಯಾರಾದರೂ ಕೇಳುವುದುಂಟು. ಕೇಳದಿದ್ದರೆ ಅಧ್ಯಾಪಕರೇ ಕೇಳಬೇಕು. ಕಲ್ಲಿನ ಪುಡಿಯನ್ನು ಒಂದು ಚಿಟಿಕೆ ಪಟ್ಟಿಯ ಮೇಲೆ ಉದುರಿಸಿ ನೋಡಿದರೆ ಅಂಕುಡೊಂಕಾದ ಚೂರುಗಳಷ್ಟೇ ಕಾಣುತ್ತವೆ. ಉಪ್ಪಿನ ಕಾಳಾದರೆ ಚೌಕಾಕಾರದ ಹರಳು. ಪರಮಾಣುವನ್ನೂ ಜೀವಕೋಶವನ್ನೂ ಒಂದೇ ಎಂದು ಬೆರೆಸುವ ಅಭ್ಯಾಸ ಮುಂದಿನ ತರಗತಿಗಳವರೆಗೂ ಬಿಡದೆ ಕಾಡುತ್ತದೆ. ಕಲ್ಲಿನಲ್ಲಿ ಪರಮಾಣುಗಳಿವೆ, ಕೋಶಗಳಿಲ್ಲ. ಉಳ್ಳಾಗಡ್ಡಿಯಲ್ಲಿ ಎರಡೂ ಇವೆ, ಮತ್ತು ಒಂದು ಕೋಶದೊಳಗೆ ಕೋಟಿ ಕೋಟಿ ಪರಮಾಣುಗಳಿವೆ. ಈ ಒಂದು ಮಾತಿಗೆ ಅರ್ಧ ಗಂಟೆ ಹಿಡಿದರೂ ಅದು ವ್ಯರ್ಥವಲ್ಲ.

ಈಗ ಎಣಿಕೆ. ಹತ್ತರ ನೇತ್ರಮಸೂರ, ಹತ್ತರ ವಸ್ತುಮಸೂರ ಸೇರಿ 100 ಪಟ್ಟು ವರ್ಧನೆಯಾಗುವ ಸಾಮಾನ್ಯ ಶಾಲಾ ಸೂಕ್ಷ್ಮದರ್ಶಕದ ಕೆಳಗೆ ಪಾರದರ್ಶಕ ಅಳತೆಪಟ್ಟಿಯನ್ನಿಟ್ಟರೆ ಬೆಳಕಿನ ವೃತ್ತದ ಅಡ್ಡಗಲ ಎಷ್ಟು ಮಿಲಿಮೀಟರೆಂಬುದು ತಿಳಿಯುತ್ತದೆ. ಅದು 1.8 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಪೊರೆಯ ಕೋಶಗಳು ಆ ಅಡ್ಡಗಲದಲ್ಲಿ ಉದ್ದುದ್ದಕ್ಕೆ ಆರು ಹಿಡಿದರೆ ಒಂದರ ಉದ್ದ 0.3 ಮಿಲಿಮೀಟರು. ಹುಕ್ಕನ ಬೆಂಡಿನ ಕೋಶ ಅವನದೇ ಎಣಿಕೆಯಂತೆ ಸುಮಾರು 0.024 ಮಿಲಿಮೀಟರು; ಉಳ್ಳಾಗಡ್ಡಿಯದು ಅದರ ಹತ್ತು ಪಟ್ಟಿಗಿಂತ ಉದ್ದ. ವಿದ್ಯಾರ್ಥಿಯು ತನ್ನ ಪುಸ್ತಕದಲ್ಲಿ ಕೋಶವನ್ನು 9 ಸೆಂಟಿಮೀಟರು ಉದ್ದ ಬರೆದರೆ ಅದು 300 ಪಟ್ಟು ಹಿಗ್ಗಿಸಿದ ಚಿತ್ರ. ಈ ‘300 ಪಟ್ಟು’ ಎಂಬ ಟಿಪ್ಪಣಿಯನ್ನು ಚಿತ್ರದ ಕೆಳಗೆ ತಾನೇ ಲೆಕ್ಕಮಾಡಿ ಬರೆದವನಿಗೆ ಚಿತ್ರವು ಅಲಂಕಾರವಾಗಿ ಉಳಿಯುವುದಿಲ್ಲ. 400 ಪಟ್ಟಿನ ಮಸೂರಕ್ಕೆ ತಿರುಗಿಸಿದಾಗ ವೃತ್ತದ ಅಡ್ಡಗಲ 0.45 ಮಿಲಿಮೀಟರಿಗೆ ಕುಗ್ಗುವುದರಿಂದ ಒಂದೂವರೆ ಕೋಶವಷ್ಟೇ ಹಿಡಿಯುತ್ತದೆ. ಹೆಚ್ಚು ವರ್ಧನೆಯಲ್ಲಿ ಹೆಚ್ಚು ಕಾಣುತ್ತದೆಂಬ ಆಸೆಯಿಂದ ಮೊದಲೇ ಅದಕ್ಕೆ ಹಾರಿದ ಹುಡುಗನು ಎರಡು ಗೆರೆಗಳನ್ನು ಮಾತ್ರ ಕಂಡು ನಿರಾಶನಾಗುವುದು ಇದರಿಂದಲೇ.

ಚುರುಕಾದ ಹುಡುಗಿಯೊಬ್ಬಳು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು. 0.3 ಮಿಲಿಮೀಟರು ಎಂದರೆ ಕಣ್ಣಿಗೆ ಕಾಣುವ ಅಳತೆಯಲ್ಲವೆ, ಹಾಗಾದರೆ ಸೂಕ್ಷ್ಮದರ್ಶಕವೇಕೆ? ಪ್ರಶ್ನೆ ನ್ಯಾಯವಾದುದು. ಕೋಶ ಉದ್ದವಾಗಿದ್ದರೂ ಅಗಲ ಕಡಿಮೆ, ಮೇಲಾಗಿ ನೀರಿನಷ್ಟು ಪಾರದರ್ಶಕ. ಬಣ್ಣ ಹಚ್ಚಿದ ಪೊರೆಯನ್ನು ಬೆಳಕಿಗೆ ಹಿಡಿದು ಒಳ್ಳೆಯ ಕೈಮಸೂರದಿಂದ ನೋಡಿದರೆ ನಸುಗೆರೆಗಳ ಜಾಲ ಕಾಣುವುದುಂಟು. ಜೀವಕೋಶಗಳೆಲ್ಲ ಕಣ್ಣಿಗೆ ಕಾಣದಷ್ಟು ಚಿಕ್ಕವು ಎಂಬ ಪುಸ್ತಕದ ವಾಕ್ಯ ಪೂರ್ತಿ ಸತ್ಯವಲ್ಲ. ದೊಡ್ಡ ಕೋಶಕ್ಕೆ ಉದಾಹರಣೆಯಾಗಿ ಪುಸ್ತಕಗಳು ಆಸ್ಟ್ರಿಚ್ ಪಕ್ಷಿಯ ಮೊಟ್ಟೆಯನ್ನು ಕೊಡುತ್ತವೆ. ಅದನ್ನು ಕಂಡ ಬಾಲಕ ಚಿಂಚೋಳಿಯಿಂದ ವಾಡಿಯವರೆಗೆ ಹುಡುಕಿದರೂ ಸಿಗಲಾರ. ಅದಕ್ಕಿಂತ ಹತ್ತಿ ಮೇಲು. ಹತ್ತಿಯ ಬೀಜದ ಮೇಲಿನ ಒಂದೊಂದು ಎಳೆಯೂ ಬೀಜದ ಹೊರಪದರದ ಒಂದೇ ಒಂದು ಕೋಶ ನೀಳವಾಗಿ ಬೆಳೆದುದು. ಉದ್ದ ಎರಡೂವರೆ ಮೂರು ಸೆಂಟಿಮೀಟರಿದ್ದರೂ ದಪ್ಪ ಮಿಲಿಮೀಟರಿನ ಐವತ್ತನೆಯ ಒಂದು ಭಾಗದ ಸುಮಾರು. ಕಾಯಿ ಒಡೆಯುವ ಹೊತ್ತಿಗೆ ಒಳಗಿನ ಜೀವರಸ ಒಣಗಿ ಕೋಶಭಿತ್ತಿ ಮಾತ್ರ ಉಳಿದಿರುತ್ತದೆ. ದೀಪದ ಬತ್ತಿಯನ್ನು ಹೊಸೆಯುವ ಅಜ್ಜಿಯ ಬೆರಳುಗಳ ನಡುವೆ ಇರುವುದು ಸಾವಿರಾರು ಜೀವಕೋಶಗಳ ಭಿತ್ತಿಗಳೇ ಎಂದು ಕೇಳಿದ ಮಕ್ಕಳು ಮನೆಗೆ ಹೋಗಿ ಒಂದೆಳೆಯನ್ನು ಬಿಡಿಸಿ ನೋಡದೆ ಇರಲಾರರು.

ಅರವತ್ತು ಮಕ್ಕಳಿಗೆ ಒಂದೇ ಉಪಕರಣವಾದರೆ ಮಾಡುವುದೇನು ಎಂಬುದು ಎಲ್ಲ ಅಧ್ಯಾಪಕರ ಅಳಲು. ನೇತ್ರಮಸೂರದ ಮೇಲೆ ಮೊಬೈಲಿನ ಕ್ಯಾಮೆರಾವನ್ನು ಹಿಡಿದರೆ ಹತ್ತು ಮಂದಿ ಒಟ್ಟಿಗೆ ನೋಡಬಹುದು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ‘ಫೋಲ್ಡ್‌ಸ್ಕೋಪ್’ ಎಂಬ ಕಾಗದದ ಮಡಿಕೆಯ ಸೂಕ್ಷ್ಮದರ್ಶಕವು ಸುಮಾರು 140 ಪಟ್ಟು ಹಿಗ್ಗಿಸುತ್ತದೆ; ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಅದರ ಪ್ರಸಾರಕ್ಕೆ ಕೈಜೋಡಿಸಿತು. ಅದರ ಮಸೂರ ಒಂದು ಪುಟ್ಟ ಗಾಜಿನ ಗುಂಡು. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಮುನ್ನೂರೈವತ್ತು ವರ್ಷಗಳ ಹಿಂದೆ ಕೆರೆಯ ನೀರಿನ ಜೀವಿಗಳನ್ನು ಕಂಡುದೂ ಇಂಥ ಒಂಟಿ ಮಸೂರದಿಂದಲೇ. ಕಲಬುರಗಿಯಲ್ಲಿ 1984ರಲ್ಲಿ ತೆರೆದ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಪ್ರವಾಸ ಹೋಗುವುದು ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ದೂರದ ಊರಲ್ಲಿ ಕಂಡುದಕ್ಕಿಂತ ವಾರಕ್ಕೊಮ್ಮೆ ತನ್ನ ಸರದಿಯಲ್ಲಿ ಕಂಡುದು ಹೆಚ್ಚು ಆಳಕ್ಕಿಳಿಯುತ್ತದೆ.

ಕಾಣುವುದರಷ್ಟೇ ಮುಖ್ಯವಾದುದು ಕಾಣದಿರುವುದರ ವಿಚಾರ. ಕಪ್ಪುಹಲಗೆಯ ಚಿತ್ರದಲ್ಲಿ ಕೋಶಭಿತ್ತಿಯ ಒಳಗೆ ಇನ್ನೊಂದು ಗೆರೆ ಎಳೆದು ‘ಕೋಶಪೊರೆ’ ಎಂದು ಬರೆಯುತ್ತೇವೆ. ಅದನ್ನು ಶಾಲೆಯ ಯಾವ ಸೂಕ್ಷ್ಮದರ್ಶಕದಲ್ಲಿಯೂ ಯಾರೂ ಕಂಡಿಲ್ಲ. ಅದರ ದಪ್ಪ ಮಿಲಿಮೀಟರಿನ ಲಕ್ಷ ಭಾಗಗಳಲ್ಲಿ ಒಂದಕ್ಕಿಂತಲೂ ಕಡಿಮೆ. ಹಾಗಾದರೆ ಇದೆಯೆಂದು ನಂಬುವುದು ಹೇಗೆ? ಕೆಂಪು ಉಳ್ಳಾಗಡ್ಡಿಯ ಹೊರಮೈಯ ನೇರಳೆ ಪೊರೆಯನ್ನು ತೆಗೆದುಕೊಳ್ಳಬೇಕು. ಇದಕ್ಕೆ ಬೇರೆ ಬಣ್ಣ ಬೇಡ. ತೆಳುಗಾಜಿನ ಒಂದು ಅಂಚಿಗೆ ಗಟ್ಟಿಯಾದ ಉಪ್ಪುನೀರನ್ನು ಬಿಟ್ಟು ಇನ್ನೊಂದು ಅಂಚಿನಲ್ಲಿ ಹೀರುಕಾಗದವನ್ನು ಇಟ್ಟರೆ ಕೆಲವೇ ನಿಮಿಷಗಳಲ್ಲಿ ನೇರಳೆ ಬಣ್ಣವೆಲ್ಲ ಭಿತ್ತಿಯಿಂದ ಬಿಡಿಸಿಕೊಂಡು ನಡುವೆ ಮುದುಡುತ್ತದೆ. ಭಿತ್ತಿ ಇದ್ದಲ್ಲಿಯೇ ಇದೆ. ಬಣ್ಣದ ರಸ ಚೆಲ್ಲಿಹೋಗಿಲ್ಲ. ನೀರು ಮಾತ್ರ ಹೊರಟುಹೋಗಿದೆ. ನೀರನ್ನು ಬಿಟ್ಟು ಬಣ್ಣವನ್ನು ತಡೆದುದು ಯಾವುದು? ಅದೇ ಕೋಶಪೊರೆ. ಮತ್ತೆ ಸಿಹಿನೀರು ಬಿಟ್ಟರೆ ಬಣ್ಣ ಹಿಗ್ಗಿ ಕೋಣೆಯನ್ನು ತುಂಬುತ್ತದೆ. ಮಾವಿನ ಹೋಳಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟಾಗ ಮರುದಿನ ನೀರು ನಿಲ್ಲುವುದನ್ನು ಕಂಡ ಮಕ್ಕಳಿಗೆ ಇದು ಹೊಸದಲ್ಲ. ಅಡುಗೆಮನೆಯಲ್ಲಿ ನಡೆದುದರ ಕಾರಣ ಮಾತ್ರ ಹೊಸದು. ಕಾಣದ ವಸ್ತುವನ್ನು ಅದರ ಕೆಲಸದಿಂದ ಊಹಿಸಿ ಸಾಧಿಸುವ ಈ ಪ್ರಯೋಗಕ್ಕೆ ಹತ್ತು ಪೈಸೆಯ ಉಪ್ಪು ಸಾಕು. ಜೀವಶಾಸ್ತ್ರದ ಶಾಲಾ ಪ್ರಯೋಗಗಳಲ್ಲಿ ಇದಕ್ಕೆ ಸರಿಗಟ್ಟುವುದು ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು.

ಉಳ್ಳಾಗಡ್ಡಿಯ ಕೋಶಕ್ಕೆ ಹಸಿರು ಕಣಗಳನ್ನು ಬರೆಯುವುದು ಇನ್ನೊಂದು ಸಾರ್ವತ್ರಿಕ ತಪ್ಪು. ಸಸ್ಯಕೋಶಕ್ಕೆ ಪತ್ರಹರಿತ್ತು ಇರಲೇಬೇಕೆಂದು ಪುಸ್ತಕ ಹೇಳಿದೆಯಲ್ಲ! ನೆಲದೊಳಗೆ ಬೆಳಕಿಲ್ಲದೆ ಬೆಳೆದ ಗಡ್ಡೆಗೆ ಅದರ ಗರಜಿಲ್ಲ. ಹಸಿರನ್ನು ನೋಡಬೇಕಾದರೆ ಕಾಗಿಣಾ ನದಿಯ ನಿಂತ ಮಡುಗಳಲ್ಲಿ, ಕೆರೆಯಂಚಿನಲ್ಲಿ ಬೆಳೆಯುವ ಹೈಡ್ರಿಲ್ಲ ಎಂಬ ನೀರುಗಿಡದ ಎಲೆಯನ್ನು ಇಡಿಯಾಗಿ ಪಟ್ಟಿಯ ಮೇಲಿಡಬೇಕು. ಎರಡೇ ಪದರ ಕೋಶಗಳ ಆ ಎಲೆಯಲ್ಲಿ ಹಸಿರು ಕಣಗಳು ಭಿತ್ತಿಯ ಗುಂಟ ಒಂದರ ಹಿಂದೊಂದು ಜಾತ್ರೆಯ ಜನದಂತೆ ಸಾಗುತ್ತಿರುವುದು 400 ಪಟ್ಟಿನಲ್ಲಿ ಕಾಣುತ್ತದೆ. ಕೋಶವೆಂದರೆ ಸತ್ತ ಚಿತ್ರವೆಂದು ತಿಳಿದಿದ್ದ ಮಕ್ಕಳು ಅದನ್ನು ನೋಡಿದಾಗ ಮಾಡುವ ಗದ್ದಲವನ್ನು ಅಧ್ಯಾಪಕರು ತಡೆಯಬಾರದು.

ಕೆನ್ನೆಯ ಒಳಮೈಯ ಕೋಶಗಳನ್ನು ತೋರಿಸುವಾಗ ಒಬ್ಬೊಬ್ಬರಿಗೆ ಒಂದೊಂದು ಹೊಸ ಕಡ್ಡಿ, ಬಳಸಿದ ಕಡ್ಡಿ ಕೂಡಲೇ ಕ್ರಿಮಿನಾಶಕದೊಳಗೆ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ರಕ್ತಕ್ಕಾಗಿ ಮಕ್ಕಳ ಬೆರಳು ಚುಚ್ಚುವುದು ಸಲ್ಲದು. ಸಿದ್ಧ ಪಟ್ಟಿಕೆ ಸಾಕು.

ಕೋಶವಿಭಜನೆಯ ಹಂತಗಳ ಉದ್ದುದ್ದ ಹೆಸರುಗಳನ್ನು ಹನ್ನೆರಡು ವರ್ಷದವರ ತಲೆಗೆ ತುಂಬುವುದರಿಂದ ಪ್ರಯೋಜನ ಕಾಣದು. ಅವರಿಗೆ ಬೇಕಾದುದು ಒಂದೇ ವಿಚಾರ: ಕೋಶವು ಕೋಶದಿಂದಲೇ ಹುಟ್ಟುತ್ತದೆ. ಶ್ಲೈಡನ್ 1838ರಲ್ಲಿ ಸಸ್ಯಗಳ ವಿಷಯದಲ್ಲಿಯೂ, ಶ್ವಾನ್ 1839ರಲ್ಲಿ ಪ್ರಾಣಿಗಳ ವಿಷಯದಲ್ಲಿಯೂ ಎಲ್ಲ ಜೀವಿಗಳೂ ಕೋಶಮಯವೆಂದು ಸಾರಿದರೂ ಹೊಸ ಕೋಶಗಳು ದ್ರವದಿಂದ ಹರಳಿನಂತೆ ಗಟ್ಟಿಯಾಗುತ್ತವೆಂದು ನಂಬಿದ್ದರು. ಅದು ತಪ್ಪೆಂದು ಬರ್ಲಿನ್ನಿನ ರಾಬರ್ಟ್ ರೆಮಾಕ್ 1850ರ ದಶಕದ ಆರಂಭದಲ್ಲಿ ತೋರಿಸಿದನು. 1855ರಲ್ಲಿ ರುಡೋಲ್ಫ್ ವಿರ್ಕೊ ಅದನ್ನು ಸೂತ್ರವಾಗಿ ಸಾರಿದನು. ಕೀರ್ತಿ ವಿರ್ಕೊವಿಗೆ ಸಂದಿತು. ಯೆಹೂದಿಯಾಗಿದ್ದ ರೆಮಾಕನಿಗೆ ಪೂರ್ಣ ಪ್ರಾಧ್ಯಾಪಕನ ಪದವಿಯೂ ದಕ್ಕಲಿಲ್ಲ. ಇತಿಹಾಸವನ್ನು ಹೇಳುವುದಾದರೆ ಪೂರ್ತಿಯಾಗಿ ಹೇಳುವುದು ಒಳಿತು.

ಈ ವಿಚಾರದ ಬೆಲೆ ಮನೆಯ ಕಣಜದ ಬಳಿ ತಿಳಿಯುತ್ತದೆ. ಕೂಡಿಟ್ಟ ತೊಗರಿಯಲ್ಲಿ ಹುಳ ತಾನಾಗಿಯೇ ಹುಟ್ಟುತ್ತದೆ, ಕಾಳೇ ಹುಳವಾಗುತ್ತದೆ ಎಂದು ಹೇಳುವ ಹಿರಿಯರು ಇಂದಿಗೂ ಇದ್ದಾರೆ. ಕಾಳಿನ ಮೇಲೆ ಅಂಟಿಕೊಂಡ ಸೂಜಿಮೊನೆಯಷ್ಟು ಬಿಳಿಯ ಚುಕ್ಕೆಗಳನ್ನು ಕೈಮಸೂರದಿಂದ ತೋರಿಸಿದರೆ ಅವು ತಾಯಿಕೀಟ ಇಟ್ಟ ತತ್ತಿಗಳೆಂಬುದು ಸ್ಪಷ್ಟವಾಗುತ್ತದೆ. ಹೊಲದಲ್ಲಿ ಕಾಯಿಯ ಮೇಲಿರುವಾಗಲೇ ತತ್ತಿ ಬಿದ್ದು ಕಣಜಕ್ಕೆ ಬಂದಿರುವುದೂ ಉಂಟು. ಜೀವಿಯಿಂದ ಜೀವಿ, ಕೋಶದಿಂದ ಕೋಶ. ಬರ್ಲಿನ್ನಿನ ಸೂತ್ರ ಮತ್ತು ಕಾಳನ್ನು ಚೆನ್ನಾಗಿ ಒಣಗಿಸಿ ಗಾಳಿಯಾಡದಂತೆ ಮುಚ್ಚಿಡುವ ಬುದ್ಧಿ ಇವೆರಡೂ ಒಂದೇ ಪಾಠದ ಎರಡು ತುದಿಗಳು.

ತೊಗರಿಯ ಮಾತು ಬಂದ ಮೇಲೆ ಅದನ್ನು ಬಿಟ್ಟು ಮುಂದೆ ಹೋಗಲಾಗದು. ಈ ಸೀಮೆಗೆ ‘ತೊಗರಿಯ ಕಣಜ’ವೆಂಬ ಹೆಸರು ಬಂದಿರುವುದು ವಿನಾಕಾರಣವಲ್ಲ, ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಮುಂಗಾರಿನಲ್ಲಿ ಬಿತ್ತಿದ ಗಿಡವನ್ನು ಒಂದೂವರೆ ತಿಂಗಳ ಬಳಿಕ ಮಣ್ಣುಸಹಿತ ಎಬ್ಬಿಸಿ ತೊಳೆದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಗಂಟನ್ನು ಬ್ಲೇಡಿನಿಂದ ಕೊಯ್ದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಅದು ಕೆಲಸಮಾಡುತ್ತಿರುವ ಗಂಟು. ಅಲ್ಲಿ ಗಿಡದ ಕೋಶಗಳ ಒಳಗೇ ರೈಜೋಬಿಯಂ ಎಂಬ ಬ್ಯಾಕ್ಟೀರಿಯಗಳು ವಾಸವಾಗಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಒಂದು ಕೋಶದೊಳಗೆ ಇನ್ನೊಂದು ಜಾತಿಯ ಕೋಶಗಳು ನೆಲೆಸಬಹುದೆಂಬ ಅಚ್ಚರಿಗೆ ಪ್ರಯೋಗಾಲಯ ಬೇಡ, ಹೊಲ ಸಾಕು.

ಆದರೆ ಒಳಹೊಕ್ಕ ಅತಿಥಿಗಳೆಲ್ಲ ಹಿತವರಲ್ಲ. ನೆಟೆ ರೋಗವನ್ನು ಅರಿಯದ ರೈತನ ಮನೆ ಇಲ್ಲಿ ಇಲ್ಲ. ಹೂವಾಡಿ ಕಾಯಿ ಕಟ್ಟುವ ಹೊತ್ತಿಗೆ, ನೆಲದಲ್ಲಿ ತೇವವಿದ್ದಾಗಲೂ, ಗಿಡಗಳು ನೀರಿಲ್ಲದವುಗಳಂತೆ ಜೋತುಬಿದ್ದು ಒಣಗುತ್ತವೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ಹೊಲಗಳು ಇದರಿಂದ ವ್ಯಾಪಕವಾಗಿ ಹಾಳಾದುದನ್ನು ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಆ ವರ್ಷ ಶಾಲೆಯ ಶುಲ್ಕ ಉಳಿದುದು, ಅಕ್ಕನ ಮದುವೆ ಮುಂದೆ ಹೋದುದು ಯಾವ ಕಾರಣದಿಂದ ಎಂಬುದು ಹಲವು ಮನೆಗಳ ಮಕ್ಕಳಿಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಲ್ಲ.

ಬಾಡಿದ ಆ ಗಿಡವೊಂದನ್ನು ತರಗತಿಗೆ ತರಿಸಬೇಕು. ಜೊತೆಗೆ ಒಂದು ಆರೋಗ್ಯವಂತ ಗಿಡವೂ ಇರಲಿ. ಎರಡರ ಕಾಂಡಗಳನ್ನೂ ಬುಡದ ಬಳಿ ಉದ್ದಕ್ಕೆ ಸೀಳಿದರೆ ರೋಗದ ಗಿಡದ ಕಟ್ಟಿಗೆಯಲ್ಲಿ ಕಂದುಗಪ್ಪು ಗೆರೆಗಳು ಮೇಲಕ್ಕೇರಿರುವುದು ಬರಿಗಣ್ಣಿಗೇ ಕಾಣುತ್ತದೆ, ಇನ್ನೊಂದು ಬೆಳ್ಳಗಿರುತ್ತದೆ. ಆ ಗೆರೆಗಳ ಜಾಗದಲ್ಲಿರುವುದು ಕ್ಸೈಲಂ ನಾಳಗಳು. ಕೋಶಗಳು ಒಂದರ ಮೇಲೊಂದು ಸಾಲಾಗಿ ನಿಂತು, ನಡುವಣ ಅಡ್ಡಗೋಡೆಗಳು ಕರಗಿ, ಒಳಗಿನ ಜೀವರಸವೂ ಇಲ್ಲವಾಗಿ, ಬರಿಯ ಭಿತ್ತಿಗಳು ಕೊಳವೆಯಾಗಿ ಉಳಿದಿವೆ. ಬೇರಿನಿಂದ ಎಲೆಗೆ ನೀರನ್ನು ಏರಿಸುವುದು ಈ ಸತ್ತ ಕೋಶಗಳೇ. ಫ್ಯೂಸೇರಿಯಂ ಉಡಮ್ ಎಂಬ ಮಣ್ಣಿನ ಶಿಲೀಂಧ್ರವು ಬೇರಿನ ಮೂಲಕ ನುಗ್ಗಿ ಈ ಕೊಳವೆಗಳಲ್ಲಿ ತನ್ನ ಎಳೆಗಳನ್ನು ಹಬ್ಬಿಸುತ್ತದೆ. ಅದನ್ನು ತಡೆಯಲು ಗಿಡವು ಸ್ರವಿಸುವ ಅಂಟೂ ಸೇರಿಕೊಂಡು ದಾರಿ ಕಟ್ಟುತ್ತದೆ. ನೆಲದಲ್ಲಿ ನೀರಿದೆ, ಎಲೆಗೆ ತಲುಪುವುದಿಲ್ಲ.

ಇಷ್ಟು ಕಂಡ ವಿದ್ಯಾರ್ಥಿಗೆ ಎಲೆಯ ಮೇಲೆ ಔಷಧ ಸಿಂಪಡಿಸಿದರೆ ನೆಟೆ ಏಕೆ ನಿಲ್ಲುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ರೋಗವಿರುವುದು ಕಾಂಡದ ಕೊಳವೆಯೊಳಗೆ. ಒಂದೇ ಹೊಲದಲ್ಲಿ ವರ್ಷ ವರ್ಷವೂ ತೊಗರಿಯನ್ನೇ ಬಿತ್ತಿದರೆ ರೋಗ ಹೆಚ್ಚುವುದೇಕೆ ಎಂದು ಕೇಳಿದರೆ, ಶಿಲೀಂಧ್ರವು ಹಳೆಯ ಬೇರು ಕೂಳೆಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತದೆಂಬ ಉತ್ತರವನ್ನು ಆತ ತಾನೇ ತರ್ಕಿಸಿಯಾನು. ಹಿರಿಯರು ತೊಗರಿಯೊಡನೆ ಜೋಳವನ್ನು ಅಕ್ಕಡಿಯಾಗಿ ಬಿತ್ತುತ್ತಿದ್ದುದೂ, ಜೋಳದ ಸಂಗಡ ಬೆಳೆದ ತೊಗರಿಯಲ್ಲಿ ನೆಟೆ ಕಡಿಮೆಯಾಗುವುದನ್ನು ಸಂಶೋಧಕರು ಕಂಡುದೂ ಇಲ್ಲಿ ಹೇಳತಕ್ಕ ಮಾತುಗಳು. ಹೈದರಾಬಾದಿನ ಬಳಿಯ ಪಟಾಂಚೇರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಆರಿಸಿದ, ನೆಟೆಯನ್ನು ತಾಳಿಕೊಳ್ಳುವ ‘ಮಾರುತಿ’ ತಳಿ 1986ರಲ್ಲಿ ಕರ್ನಾಟಕದ ರೈತರಿಗೆ ಬಿಡುಗಡೆಯಾಯಿತು; ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೂ ಅಂಥ ತಳಿಗಳು ಬಂದಿವೆ. ತಾಳಿಕೊಳ್ಳುವುದೆಂದರೇನು, ಆ ತಳಿಯ ಬೇರಿನ ಕೋಶಗಳು ಶಿಲೀಂಧ್ರವನ್ನು ಒಳಗೆ ಬಿಡುವುದಿಲ್ಲವೋ ಅಥವಾ ಬಿಟ್ಟು ಹಬ್ಬಗೊಡುವುದಿಲ್ಲವೋ ಎಂದು ಮಕ್ಕಳು ಕೇಳತೊಡಗಿದರೆ ಅಧ್ಯಾಪಕರ ಬಳಿ ಸಿದ್ಧ ಉತ್ತರ ಇಲ್ಲದೆ ಹೋಗಬಹುದು. ಎರಡು ಗಿಡಗಳ ಸೀಳಿದ ಕಾಂಡಗಳು ಮಾತ್ರ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಯೇ ಇರುತ್ತವೆ, ಬ್ಲೇಡೂ ಸೂಕ್ಷ್ಮದರ್ಶಕವೂ ಕೈಗೆಟಕುವಷ್ಟು ಹತ್ತಿರದಲ್ಲಿ.